ಒಣಗದ ಗೋಡೆಗೆ ಒಂದು ಕೆನ್ನೆ

ಬೀದಿಯಲ್ಲಿನ್ನೂ ಬೆಳಕು ಹರಿದಿಲ್ಲ. ಐದಂತಸ್ತಿನ ಕಟ್ಟಡದ ನೆಲಮಾಳಿಗೆಯ ಮನೆಯಲ್ಲಿ, ಮೂಗಿಗೆ ಹಳೇ ಬಟ್ಟೆ ಬಿಗಿದ ಹೆಂಗಸೊಬ್ಬರು ಉಕ್ಕಿನ ಪಟ್ಟಿ ಹಿಡಿದು ಗೋಡೆಯ ಬೂಷ್ಟು ಕೆರೆಯುತ್ತಿದ್ದಾರೆ. ಮೂಲೆಯಲ್ಲಿ ಕರಿ ಚುಕ್ಕಿಗಳ ಸಂತಾನ. ಕೊಳವೆಯ ಕೆಳಗೆ ಬೆರಳಿಗಂಟುವ ಕಂದು ಲೋಳೆ. ಮೇಲಿನ ಮನೆಗಳ ಸ್ನಾನದ ನೀರೆಲ್ಲ ಒಸರಿ ಇಲ್ಲಿಗೇ ಇಳಿಯುವುದರಿಂದ, ಕೆರೆದಷ್ಟೂ ಗೋಡೆ ಕೆರೆಯೇ.

ಕಟ್ಟಡದವರು ಇವರನ್ನು ಕರೆಯುವುದು ‘ಗೋಡೆಯಕ್ಕ’ ಎಂದು. ಕೆರೆದು, ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದು, ಕೆಲವು ದಿನ ಬಿಟ್ಟು ಗೋಡೆಗೆ ಕೆನ್ನೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಒಳಗಿನ್ನೂ ಪಸೆಯಿದೆ ಎಂದರ್ಥ. ವರ್ಷಗಟ್ಟಲೆ ಘಾಟು ಕುಡಿದ ಮೂಗು ಈಗ ವಾಸನೆಗೆ ರಾಜೀನಾಮೆ ಕೊಟ್ಟಿದೆ. “ಒಲೆ ಮೇಲೆ ಹಾಲು ಸೀದ್ರೂ ಪಕ್ಕದ ಮನೆಯವ್ರೇ ಬಂದು ಹೇಳ್ಬೇಕು,” ಎಂದು ನಗುತ್ತಾರೆ. ನಗು ಕೆಮ್ಮಾಗಿ ಮುಗಿಯುತ್ತದೆ.

ಅದೇ ಗೋಡೆಗೆ ಬಣ್ಣ ಹೊಡೆಯುವವರು ಇವರ ಗಂಡ. “ಇವಳು ಕೆರೀತಾಳೆ, ನಾನು ಮುಚ್ತೀನಿ. ಸಂಸಾರ ಅಂದ್ರೆ ಇದೇ ಅಲ್ವಾ?”

“ಮುಚ್ಚೋದಾದ್ರೆ ಒಣಗಿದ್ಮೇಲೆ ಮುಚ್ರೀ!”

ಕಾಯುವ ವ್ಯವಧಾನ ಮಾಲೀಕರಿಗಿಲ್ಲ. ಗೋಡೆಯಕ್ಕ ಹೊಟ್ಟೆ ಮುಂದೆ ದೂಡಿ, ಗಂಟಲು ದಪ್ಪ ಮಾಡಿ, ಅವರನ್ನು ಯಥಾವತ್ತಾಗಿ ಅಣಕಿಸುತ್ತಾರೆ: “ಗೋಡೆಗೂ ಸೆಕೆಯಮ್ಮಾ, ಬೆವರ್ತಿದೆ ಅಷ್ಟೇ! ಎರಡು ಕೋಟು ಎಳೀರಿ, ನಾಳೆ ಬಾಡಿಗೆಯವ್ರು ಬರ್ತಾರೆ.”

ಆದರೆ ಬಾಡಿಗೆಯವರು ಇಂದೇ, ಬಿಸಿಲೇರುವ ಹೊತ್ತಿಗೆ ಬರುತ್ತಾರೆ. ಕಂಕುಳಲ್ಲಿ ಕೂಸು ಹೊತ್ತ ತಾಯಿ, ಹಿಂದೆಯೇ ಮಾಲೀಕರು. “ಮಗೂಗೆ ಕಫ ಜಾಸ್ತಿ. ಗೋಡೆ ಒಣಗಿದೆ ಅಲ್ವಾ ಅಕ್ಕಾ?” ಎಂದು ಆಕೆ ಕೇಳುತ್ತಾಳೆ. ಮಾಲೀಕರು ಗೋಡೆಯಕ್ಕನನ್ನು ದುರುಗುಟ್ಟಿ ನೋಡುತ್ತಾರೆ. ಬಾಯಿ ಬಿಟ್ಟರೆ ಗಂಡಹೆಂಡಿರಿಬ್ಬರ ಕೂಳಿಗೂ ಕಲ್ಲು. ಗಂಡ ತಲೆಯೆತ್ತದೆ ಬಕೆಟ್ಟಿನ ಬಣ್ಣ ಕಲಕುತ್ತಿದ್ದಾರೆ.

“ನನ್ನ ಮಾತ್ಯಾಕೆ?” ಎನ್ನುತ್ತಾರೆ ಗೋಡೆಯಕ್ಕ. “ನೀನೇ ಕೆನ್ನೆ ಇಟ್ಟು ನೋಡಮ್ಮ.”

ತಾಯಿ ಇಡುತ್ತಾಳೆ. ಬೆಚ್ಚಿ ಹಿಂದೆ ಸರಿದು, ಅಂಟಿದ ಒದ್ದೆಯನ್ನು ತೋಳಿನಿಂದ ಒರೆಸಿಕೊಳ್ಳುತ್ತಾಳೆ. ಮಗುವಿನ ಮುಖ ನೋಡುತ್ತಾಳೆ. ಆಮೇಲೆ ಮೆಲ್ಲಗೆ, “ಇದಕ್ಕಿಂತ ಅಗ್ಗದ್ದು ಎಲ್ಲೂ ಸಿಗ್ಲಿಲ್ಲಕ್ಕಾ,” ಎಂದು ಬೀಗದ ಕೈಗೆ ಕೈಚಾಚುತ್ತಾಳೆ.

ಅದನ್ನು ಕೊಟ್ಟ ಮಾಲೀಕರು ಗೋಡೆಯಕ್ಕನ ಕಡೆ ತಿರುಗುತ್ತಾರೆ. “ನಾಳೆಯಿಂದ ನಿಮ್ಮಿಬ್ರ ಮುಖ ಈ ಕಡೆ ಕಾಣಬಾರ್ದು.”

ಬೀದಿಗೆ ಬಂದ ಗಂಡ ಬಕೆಟ್ಟು ಹಿಡಿದು ಬಿರಬಿರನೆ ಮುಂದೆ ನಡೆಯುತ್ತಾರೆ. ತಿರುವಿನಲ್ಲಿ ತಡೆಯಲಾರದೆ ಸಿಡಿಯುತ್ತಾರೆ: “ನಿನ್ನ ಸತ್ಯ ಕಟ್ಕೊಂಡು ಆಯಮ್ಮ ಏನ್ಮಾಡಿದ್ಲು? ಮನೆ ಹಿಡಿದ್ಲು!”

“ಹಿಡೀಲಿ,” ಎನ್ನುತ್ತಾರೆ ಗೋಡೆಯಕ್ಕ, ಉಗುರಿನ ಕರಿ ಬಿಡಿಸುತ್ತ. “ಆ ಕೂಸು ಕೆಮ್ಮಿದಾಗ, ಕೆರೆಯೋಕೆ ಬಂದೋಳು ಸುಳ್ಳು ಹೇಳಿದ್ಲು ಅಂತ ಯಾರೂ ಶಾಪ ಹಾಕೋ ಹಾಗಿಲ್ಲ. ಇಷ್ಟು ವರ್ಷ ದುಡಿದು ನಂಗೆ ಉಳಿದಿದ್ದು ಅಷ್ಟೇ.”