ಮೊಳೆಗೊಂದು ಸ್ಪ್ಯಾನರ್

ಮನೆಯ ಪಕ್ಕದ ಕಾರ್ ಶೆಡ್ಡನ್ನು ಬೈಕ್ ರಿಪೇರಿಯ ಕೋಣೆ ಮಾಡಿಕೊಂಡ ಮೇಲೆ ನಮ್ಮ ಸೋದರಮಾವ ಯಾರ ಕೈಗೂ ಸಿಗುವುದಿಲ್ಲ. ಗೋಡೆಯ ಮೇಲೆ ಮೊಳೆಗೊಂದು ಸ್ಪ್ಯಾನರ್, ಚಿಕ್ಕದರಿಂದ ದೊಡ್ಡದಕ್ಕೆ. ಬೆಂಚಿನ ಮೇಲೆ ನಟ್ಟು, ಬೋಲ್ಟು, ವಾಷರುಗಳಿಗೆ ಬೇರೆಬೇರೆ ಡಬ್ಬಿ. ಯಾವುದನ್ನಾದರೂ ಒಂದಿಂಚು ಸರಿಸಿದರೆ ಭೂಮಿ ಆಕಾಶ ಒಂದು ಮಾಡುತ್ತಾನೆ: "ತೆಗೆದ ಜಾಗದಲ್ಲೇ ಇಡೋಕೆ ನಿಂಗೇನೋ ದಾಡಿ?" ಅತ್ತೆ ಅಡುಗೆಮನೆಯಿಂದಲೇ ಅನ್ನುತ್ತಾಳೆ, "ನನ್ನೇ ಬಸ್‌ಸ್ಟ್ಯಾಂಡಲ್ಲಿ ಮರೆತು ಬಂದೋರು, ಒಂದು ವಾಷರ್ ಮರೆಯಲ್ಲ." ಎರಡು ವರ್ಷವಾದರೂ ಅವನ ಹಳೇ ಬೈಕು ರಸ್ತೆಗಿಳಿದಿಲ್ಲ. ಅದರ ಕಾರ್ಬ್ಯುರೇಟರನ್ನು ಬಿಚ್ಚುತ್ತಾನೆ, ಜೋಡಿಸುತ್ತಾನೆ, ಮತ್ತೆ ಬಿಚ್ಚುತ್ತಾನೆ. ಇವನಿಗೆಲ್ಲೋ ತಲೆ ಕೆಟ್ಟಿದೆ ಎಂದು ನಾವು ನಕ್ಕಿದ್ದೇ ನಕ್ಕಿದ್ದು. ಮೊನ್ನೆ ಮಧ್ಯಾಹ್ನ ನಾನು ಸದ್ದಿಲ್ಲದೆ ಹೋದಾಗ ಮಾವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೆರಳಿನಿಂದ ಮೊಳೆಗಳನ್ನು ಎಣಿಸಿ, ಐದನೆಯದರಿಂದ ಸ್ಪ್ಯಾನರ್ ತೆಗೆಯುತ್ತಿದ್ದ. "ಮಾವ, ಏನಿದು?" ಎಂದೆ. ಅವನು ಕಣ್ಣು ತೆರೆಯಲಿಲ್ಲ. "ಇನ್ನೊಂದು ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಗತ್ತೆ ಅಂದಿದಾರೆ ಕಣೋ ಡಾಕ್ಟ್ರು. ಅಷ್ಟರೊಳಗೆ ಕೈಗೆ ಕಲಿಸ್ಬೇಕು. ನಿಮ್ಮತ್ತೆಗೆ ಗೊತ್ತಿಲ್ಲ, ಬಾಯಿ ಬಿಡ್ಬೇಡ." ಅಷ್ಟರಲ್ಲಿ ಅತ್ತೆ ಚಹಾ ತಂದಳು. ಬೆಂಚಿನ ಎಡಮೂಲೆಯಲ್ಲಿ ದಿನವೂ ಇಟ್ಟು ಇಟ್ಟು ಬಿದ್ದಿದ್ದ ದುಂಡನೆಯ ಕಲೆಯ ಮೇಲೇ ಲೋಟವನ್ನು ಅವನಿಗೆ ಕೇಳಿಸುವಂತೆ ಕುಟ್ಟಿ ಇಟ್ಟು, ಒಳಗೆ ಹೋದಳು.