ರಾಜಿ ಕಾಲಮ್ಮಿಗಾಗಿ ತುಂಬಿದ ಉಡಿ

ಯಲಬುರ್ಗಾದಲ್ಲಿ ತಾಲೂಕು ಪಂಚಾಯ್ತಿಯವರು ನಮಗೆ ಕೊಟ್ಟಿದ್ದ ಕೋಣೆ ಮೊದಲು ಬೀಜದ ಚೀಲ ಇಡುವ ಗೋದಾಮಾಗಿತ್ತು. ಎಷ್ಟು ಸಲ ಸುಣ್ಣ ಹೊಡೆಸಿದರೂ ಬೀಜಕ್ಕೆ ಹಾಕಿದ ಔಷಧದ ವಾಸನೆ ಹೋಗಲಿಲ್ಲ. ಒಳಗೆ ಎರಡು ಕಬ್ಬಿಣದ ಮಂಚ, ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರು ನಾಲ್ಕು ದಿನ ಇರಲು ಇಡೀ ತಾಲೂಕಿಗೆ ಇದ್ದದ್ದು ಆ ಎರಡು ಮಂಚ. ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ಕಳೆದ ಮೇಲೆ ನಾನು ಅಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದೆ. ಹೆಸರೇನೋ ದೊಡ್ಡದು. ಕೆಲಸವೆಂದರೆ ಕೇಳುವುದು, ಬರೆದುಕೊಳ್ಳುವುದು, ಠಾಣೆಗೆ ಜೊತೆಗೆ ಹೋಗಿ ನಿಲ್ಲುವುದು, ತಿರುಗಿ ಬಂದು ಮತ್ತೊಬ್ಬಳದನ್ನು ಕೇಳುವುದು. ಸಂಜೆ ಮನೆಯಲ್ಲಿ ಯಾರಾದರೂ ಮಾತಿಗೆ ಬಾಯಿ ತೆರೆದರೆ ಸಾಕು, ನನಗೆ ಎದ್ದು ಹೋಗಬೇಕೆನಿಸುತ್ತಿತ್ತು.

ಕೋಣೆ ಉಳಿಯಬೇಕಾದರೆ ಪ್ರತಿ ಮಾರ್ಚ್‌ನಲ್ಲಿ ವರದಿ ಕೊಡಬೇಕಿತ್ತು. ಅದನ್ನು ನೋಡಿಯೇ ಪಂಚಾಯ್ತಿಯವರು ಮುಂದಿನ ವರ್ಷದ ಅನುದಾನ ಮಂಜೂರು ಮಾಡುವುದು. ನಮೂನೆಯಲ್ಲಿ ಮೂರೇ ಕಾಲಂ: ಬಂದವರು, ವಿಚಾರಣೆಯಾದವರು, ರಾಜಿಯಾದವರು. ಗಂಡನನ್ನು ಬಿಟ್ಟು ಹೊಲಿಗೆ ಕಲಿತವಳಿಗೆ, ಕೋರ್ಟಿಗೆ ಹೋದವಳಿಗೆ, ಜೀವ ಉಳಿಯಿತಲ್ಲ ಎಂದು ಮೂರು ದಿನ ಸುಮ್ಮನೆ ಮಲಗಿದವಳಿಗೆ ಅದರಲ್ಲಿ ಜಾಗವಿರಲಿಲ್ಲ.

ಎರಡನೆಯ ವರ್ಷ ಕಡತ ನೋಡುವ ಗುಮಾಸ್ತರು ನನ್ನನ್ನು ಕೂರಿಸಿ ಚಹಾ ತರಿಸಿದರು. ಆ ಕಚೇರಿಯಲ್ಲಿ ಚಹಾ ಬಂತೆಂದರೆ ಒಳ್ಳೆಯ ಸುದ್ದಿಯಲ್ಲ ಎಂಬುದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

“ಮೇಡಮ್ಮಾರ, ರಾಜಿ ಕಾಲಮ್ ಖಾಲಿನ ಐತಲ್ರೀ. ಇದು ಮನಿ ಕೂಡಸೋ ಕೇಂದ್ರನೋ, ಮನಿ ಮುರಿಯೋ ಕೇಂದ್ರನೋ ಅಂತ ಮೆಂಬರ್ರು ಕೇಳಾಕತ್ಯಾರ. ನಾ ಏನಂತ ಬರೀಲಿ?”

“ಇದ್ದದ್ದು ಬರೀರಿ.”

“ಇದ್ದದ್ದು ಬರದ್ರ ನಿಮ್ಮ ಖೋಲಿ ಹೋಗತೈತ್ರೀ.”

ಕೆಟ್ಟ ಮನುಷ್ಯರಲ್ಲ ಅವರು. ನಮ್ಮ ಕಡತ ಮೂಲೆ ಸೇರದಂತೆ ನೋಡಿಕೊಂಡವರೂ ಅವರೇ. ಅವರ ಮೇಲೆ ಸಿಟ್ಟಾಗಲು ಆಗುತ್ತಿರಲಿಲ್ಲವಲ್ಲ, ಅದೇ ನನಗೆ ಸಿಟ್ಟು ತರಿಸುತ್ತಿತ್ತು.

ಆ ವರ್ಷದಿಂದ ನನ್ನ ಬಾಯಲ್ಲಿ “ಒಮ್ಮೆ ಹೋಗಿ ನೋಡು” ಎಂಬ ಮಾತು ಹೆಚ್ಚಾಯಿತು. ಹಾಗೆ ಒಬ್ಬಳು ಗಂಡನ ಜೊತೆ ಹೊರಟಾಗ, ನಮ್ಮಲ್ಲಿ ಕಸ-ನೀರು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಮನಸ್ಸು ತಡೆಯಲಿಲ್ಲ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದೆಂದು ಆಯಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ ತಂದು ಅವಳ ಸೆರಗಿಗೆ ಹಾಕಿ ಉಡಿ ತುಂಬಿದಳು, ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ತುಂಬುವ ಹಾಗೆಯೇ. ನಾನು ಫೋಟೋ ತೆಗೆಸಿ ವರದಿಗೆ ಅಂಟಿಸಿದೆ. ಗುಮಾಸ್ತರು “ಇದು ಭಾಳ ಛಲೋ ಆತ್ರೀ” ಎಂದರು. ಅನುದಾನ ಬಂತು. ಅಂದಿನಿಂದ ಉಡಿ ತುಂಬುವುದು ನಮ್ಮ ಕೇಂದ್ರದ ಪದ್ಧತಿಯಾಯಿತು.

ಬೇವೂರಿನವಳು ಬಂದದ್ದು ಮರುವರ್ಷ, ಶಿವರಾತ್ರಿ ಮುಗಿದ ವಾರ. ಎಡಗೈ ಮಣಿಕಟ್ಟಿಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡಿದ್ದಳು. ತಂದೆ ತಾಯಿ ಇಲ್ಲ, ಇದ್ದ ಅಣ್ಣ ಹೊಸ್ತಿಲು ತುಳಿಯಬೇಡ ಎಂದಿದ್ದ. ಎರಡು ದಿನ ಮಲಗಿದಳು. ಮೂರನೆಯ ದಿನ ಎದ್ದು ಒಂದೇ ಕೈಯಲ್ಲಿ ಕೋಣೆ ಗುಡಿಸಿದಳು. ಬೇಡವೆಂದರೆ ಕೇಳಲಿಲ್ಲ.

“ಇಲ್ಲಿ ನಿದ್ದಿ ಬರತೈತ್ರೀ ಅಕ್ಕಾರ,” ಎಂದಳು. ಅವಳು ಹೊಗಳಿದ್ದು ಅದೊಂದನ್ನೇ.

ಮಾರ್ಚ್ ಕೊನೆಗೆ ಗಂಡ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಇನ್ನು ಕೈ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ. ಅವಳು ಆ ಕಾಗದವನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ.

“ನೀವು ಹೋಗು ಅಂದ್ರ ಹೋಗತೀನ್ರೀ,” ಎಂದಳು ನನಗೆ.

ಅವಳಿಗೆ ಹೋಗುವ ಮನಸ್ಸಿಲ್ಲ ಎಂಬುದು ನನಗೆ ಗೊತ್ತಿತ್ತು. ವರದಿ ಮೇಜಿನ ಮೇಲಿತ್ತು. “ಹೋಗು, ಏನರ ಆದ್ರ ಬಂದಬಿಡು” ಎಂದೆ. ಆಯಿ ಉಡಿ ತುಂಬುವಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮದುವೆಯಾದ ಮೇಲೆ ತನಗೆ ಯಾರೂ ಉಡಿ ತುಂಬಿರಲಿಲ್ಲ ಎಂದಳು. ಅವರ ಬಸ್ಸು ಹೊರಟ ಮೇಲೆ ಮೂರನೆಯ ಕಾಲಮ್ಮಿನಲ್ಲಿ ಅವಳನ್ನು ಸೇರಿಸಿದೆ. ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ರಾಜಿಯಾದವರ ಮನೆಗೆ ಮೂರು ತಿಂಗಳಿಗೊಮ್ಮೆ ಹೋಗಿ ನೋಡಬೇಕೆಂಬ ನಿಯಮವಿತ್ತು. ನಾನು ಹೋಗಲಿಲ್ಲ. ಬಿಸಿಲಿತ್ತು, ಕೆಲಸವಿತ್ತು, ಸಾಕಾಗಿತ್ತು. ಮೇಜಿನ ಮುಂದೆಯೇ ಕುಳಿತು “ಸಂಸಾರ ಸುಗಮವಾಗಿದೆ” ಎಂದು ಬರೆದೆ.

ನಾಗರಪಂಚಮಿ ಮುಗಿದ ಮೇಲೆ ಬೇರೊಬ್ಬಳ ಕೇಸಿಗಾಗಿ ಬೇವೂರಿಗೆ ಹೋದಾಗ ನಲ್ಲಿಯ ಹತ್ತಿರ ಅವಳು ಸಿಕ್ಕಳು. ಮುಂದಿನ ಹಲ್ಲು ಒಂದಿರಲಿಲ್ಲ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಕೊಡವನ್ನು ಬಲಗೈಯಲ್ಲೇ ಎತ್ತುತ್ತಿದ್ದಳು.

“ಬಂದಬಿಡು ಅಂದಿದ್ನಲ್ಲ, ಯಾಕ ಬರಲಿಲ್ಲ?” ಎಂದೆ. ನನ್ನ ದನಿಯಲ್ಲಿ ಗದರಿಕೆಯಿತ್ತು, ತಪ್ಪು ಅವಳದೇ ಎಂಬ ಹಾಗೆ.

“ಉಡಿ ತುಂಬಿ ಕಳಿಸಿದ ಮ್ಯಾಲ, ಯಾರೂ ಕರಿಯಾಕ ಬರದ ಹೆಂಗ ಬರಲ್ರೀ ಅಕ್ಕಾರ? ಹೆಣ್ಣಮಗಳು ತಾನಾಗೇ ತವರಮನಿಗೆ ಬರತಾಳೇನ್ರೀ? ಪಂಚಮಿಗರ ಬರತೀರಂತ ಬಸ್ಸಿನ ದಾರಿ ನೋಡಿದೆ. ‘ಎಲ್ಲೆ, ನಿನ್ನ ತವರಮನಿಯವರು ಬರಲೇ ಇಲ್ಲಲ್ಲ’ ಅಂತ ಅವ ದಿನಾ ಹಂಗಸತಾನ್ರೀ.”

ನಾನೂ ಇದೇ ನೆಲದವಳು. ಪಂಚಮಿಗೆ ಅಣ್ಣ ಬಂದು ಕರೆಯದೆ ನಾನೂ ತವರಿಗೆ ಹೋದವಳಲ್ಲ. ಆದರೂ ಅಷ್ಟು ಜನರ ಉಡಿ ತುಂಬಿಸಿ ಫೋಟೋ ತೆಗೆಸುವಾಗ, ಇವರಲ್ಲಿ ಯಾರಾದರೂ ಅದನ್ನು ನಿಜವೆಂದು ನಂಬಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

“ಕರಿಯಾಕ ಬಂದೀನಿ, ನಡಿ,” ಎಂದೆ. ಅದೂ ಸುಳ್ಳೇ. ಅವಳು ಕೊಡ ಇಳಿಸಿ ಮನೆಗೆ ಹೋಗಿ ಒಂದು ಗಂಟು ಹಿಡಿದು ಬಂದಳು. ಗಂಟಿನಲ್ಲಿ ನಾವು ಕೊಟ್ಟ ಖಣ ಹಾಗೇ ಇತ್ತು, ಹೊಲಿಸಿರಲಿಲ್ಲ.

ಮುಂದಿನ ಮಾರ್ಚ್‌ನ ವರದಿಗೆ ನಾನು ಫೋಟೋ ಅಂಟಿಸಲಿಲ್ಲ. ರಾಜಿಯಾದ ಎಷ್ಟೋ ಹೆಸರುಗಳ ಮುಂದೆ “ಹೋಗಿ ನೋಡಿಲ್ಲ” ಎಂದು ಬರೆದೆ. ಬೇವೂರಿನವಳ ಮುಂದೆ “ತಿರುಗಿ ಬಂದಿದ್ದಾಳೆ” ಎಂದು ಬರೆದೆ.

“ತಿರುಗಿ ಬಂದಾಕಿಗೆ ಕಾಲಮ್ ಇಲ್ಲಲ್ರೀ ಮೇಡಮ್ಮಾರ,” ಎಂದರು ಗುಮಾಸ್ತರು. ಈ ಸಲ ಚಹಾ ತರಿಸಲಿಲ್ಲ. ಅನುದಾನ ಮಂಜೂರಾಗಲಿಲ್ಲ. ಮಳೆಗಾಲದೊಳಗೆ ಕೋಣೆ ಖಾಲಿ ಮಾಡಿ ಎಂಬ ಕಾಗದ ಬಂತು.

ಅಲ್ಲಿಯವರೆಗೂ ಕೋಣೆಯಲ್ಲೇ ಇದ್ದ ಬೇವೂರಿನವಳಿಗೆ ಕುಷ್ಟಗಿಯ ಒಂದು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಹೊರಡುವ ದಿನ ಆಯಿ ರೂಢಿಯಂತೆ ಮೊರದಲ್ಲಿ ಅಕ್ಕಿ, ಕೊಬ್ಬರಿ ಇಟ್ಟುಕೊಂಡು ಬಂದಳು. ಅವಳು ಸೆರಗು ಒಡ್ಡಲಿಲ್ಲ.

“ಬ್ಯಾಡ ಆಯಿ. ಉಡಿ ತುಂಬಿದ್ರ ನೀವು ಕರಿಯೂತನಕ ಕಾಯಬೇಕಾಕೈತಿ. ಈಗ ಕರಿಯಾಕ ನಿಮಗ ಮನೀನ ಇಲ್ಲ.”

ಆಯಿ ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿದಳು. ನಾನು ಅವಳನ್ನು ಕುಷ್ಟಗಿ ಬಸ್ಸಿಗೆ ಹತ್ತಿಸಿ ಬಂದು, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಪಂಚಾಯ್ತಿಯಲ್ಲಿ ಕೊಟ್ಟೆ.