ಕಾಕಾನ ಕಾಲಿಗೆ ವಿಲಾಯತಿಯ ಉತ್ತರ

ಗೆಳೆಯರೇ, ದೊಡವಾಡದ ನಮ್ಮ ಕಾಕಾಗೆ ಇಂದು ವಿಲಾಯತಿಯ ಎಲುಬಿನ ಡಾಕ್ಟರರಿಂದ ಕಾಗದ ಬಂತು. ಚಕ್ಕಡಿಯ ಗಾಲಿ ಹಾಯ್ದ ಗಾಯ ಮಾಯ್ದರೂ ಕಾಕಾನ ಪಾದದ ಕೀಲು ಬಾಗುವುದಿಲ್ಲ, ನೆಲದ ಮೇಲೆ ಕೂರಲಾಗುವುದಿಲ್ಲ. ಮಗಳ ಮದುವೆಯಲ್ಲಿ ಬೀಗರ ಪಂಕ್ತಿಯಲ್ಲೇ ಕುಳಿತು ಉಣ್ಣಬೇಕೆಂದು ಅವರು ಹಡಗು ಹತ್ತಲು ಹೊರಟಿದ್ದರು.

ನಾನು ಓದಿ ಹೇಳಿದೆ: "ಆಪರೇಶನ್ ಆದ ಮ್ಯಾಲ ನಾಲ್ಕು ಮೈಲು ನಡಿಬಹುದಂತ್ರಿ ಕಾಕಾ. ಕುರ್ಚಿ ಮ್ಯಾಲ ಆರಾಮ ಕುಂದರಬಹುದಂತ. ನೆಲದ ಮ್ಯಾಲ ಆಗಂಗಿಲ್ಲಂತ. ಅದರ ಗರಜು ಏನೈತಿ ಅಂತ ಕೇಳ್ಯಾರ."

ಕಾಕಾ ಸಿಟ್ಟಾದರು. "ನಾಲ್ಕು ಮೈಲು ನಡದು ಹೋಗಿ ಬೀಗರ ಮುಂದ ನಿಂತ ಉಣ್ಣಲೇನು? ನೆಲದ ಮ್ಯಾಲ ಕುಂತ ಉಣ್ಣೂ ಡಾಕ್ಟರ ಅಲ್ಲಿ ಯಾರರೆ ಅದಾರೇನು, ಕೇಳಿ ಬರಿ ತಮ್ಮಾ!"

ಬರೆದು ಟಪಾಲಿಗೆ ಹಾಕಿ ಬಂದೆ. ಇಂಗ್ಲಿಷ್ ಕಾವ್ಯ ಓದಿ ಪದವಿ ಪಡೆದವನಿಗೆ ಇಷ್ಟಾದರೂ ಕೆಲಸ ಸಿಕ್ಕಿತು. ಅಂಥ ಡಾಕ್ಟರು ವಿಲಾಯತಿಯಲ್ಲಿ ಸಿಗುವವರೆಗೆ ಕಾಕಾನ ಮಗಳ ಮದುವೆ ನಿಂತಿದೆ.